‘ವಿಚಿತ್ರ ಜನ, ವಿಚಿತ್ರ ಪದ್ಧತಿ’ ಫಾರ್ವರ್ಡ್ ಮಾಡುವ ಮುನ್ನ: ಮಾನವಶಾಸ್ತ್ರದ ಮೊದಲ ತರಗತಿ ಕಲಿಸುವುದೇನು?

ಮೊದಲು ಈ ಸಂದೇಶ ಓದಿ.

“ದಕ್ಷಿಣ ಏಷ್ಯಾದಲ್ಲಿ ಒಂದು ಜನಾಂಗವಿದೆ. ಇವರು ಬೆಳಗ್ಗೆ ಎದ್ದ ಕೂಡಲೇ, ಮುಖ ತೊಳೆಯುವ ಮೊದಲೇ, ಹೊಳೆಯುವ ಕಪ್ಪು ಫಲಕವೊಂದನ್ನು ಕೈಗೆತ್ತಿಕೊಂಡು ಹೆಬ್ಬೆರಳಿನಿಂದ ಉಜ್ಜುತ್ತಾರೆ. ಅದರಲ್ಲಿ ಹೂವಿನ ಚಿತ್ರ ಮೂಡಿದರೆ ತಮ್ಮಲ್ಲೇ ಇಟ್ಟುಕೊಳ್ಳುವಂತಿಲ್ಲ, ಹೊತ್ತು ಏರುವ ಮುನ್ನ ಬಂಧುಬಳಗಕ್ಕೆಲ್ಲ ತಲುಪಿಸಬೇಕು. ಮರಳಿ ಹೂವು ಕಳಿಸದವರ ಮೇಲೆ ಮುನಿಸು ಹುಟ್ಟುತ್ತದೆ. ಫಲಕದ ಶಕ್ತಿ ಕುಂದಿದಾಗ ಅದನ್ನು ದಾರದಿಂದ ಗೋಡೆಗೆ ಕಟ್ಟಿ ಪಕ್ಕದಲ್ಲೇ ಕಾದು ಕೂರುತ್ತಾರೆ.”

ಈ ಜನ ಯಾರೆಂದು ಗೊತ್ತಾಯಿತಲ್ಲ? ನಾವೇ. ಫಲಕ ನಮ್ಮ ಮೊಬೈಲು, ಹೂವು ‘ಶುಭೋದಯ’ ಸಂದೇಶ, ದಾರ ಚಾರ್ಜರ್. ಇದರಲ್ಲಿ ಒಂದು ಸುಳ್ಳೂ ಇಲ್ಲ. ಆದರೂ ಓದಿದವರಿಗೆ ನಾವು ಯಾವುದೋ ಮೂಢನಂಬಿಕೆಯ ಜನರಂತೆ ಕಾಣುತ್ತೇವೆ.

ನಮ್ಮ ಫೋನಿಗೆ ಬೇರೆ ಜನರ ಬಗ್ಗೆ ಬರುವ ಎಷ್ಟೋ ಫಾರ್ವರ್ಡ್‌ಗಳು ಇದೇ ತಂತ್ರದಿಂದ ಕೆಲಸ ಮಾಡುತ್ತವೆ. ‘ಆ ದೇಶದವರು ಇದನ್ನೆಲ್ಲ ತಿನ್ನುತ್ತಾರೆ’, ‘ಆ ಬುಡಕಟ್ಟಿನಲ್ಲಿ ಮದುವೆಗೆ ಹೀಗೆ ಮಾಡುತ್ತಾರಂತೆ’, ‘ಆ ಜಾತಿಯವರ ರಕ್ತದಲ್ಲೇ ಅದು ಇದೆ’. ಇವನ್ನು ಹೇಗೆ ಓದಬೇಕು ಎಂದು ಕಲಿಸುವ ವಿಷಯವೊಂದು ಪದವಿ ಕಾಲೇಜುಗಳಲ್ಲಿದೆ: ಸಾಂಸ್ಕೃತಿಕ ಮಾನವಶಾಸ್ತ್ರ. ಮಾನವಶಾಸ್ತ್ರ ಎಂದರೆ ಹಳೆಯ ಮೂಳೆಗಳ ಅಥವಾ ಕಾಡಿನ ಜನರ ಅಧ್ಯಯನ ಎಂದು ಹಲವರು ತಿಳಿದಿದ್ದಾರೆ. ಮೂಳೆಗಳನ್ನು ಅಧ್ಯಯನ ಮಾಡುವ ಶಾಖೆ ಬೇರೆಯೇ ಇದೆ. ಸಾಂಸ್ಕೃತಿಕ ಮಾನವಶಾಸ್ತ್ರ ನೋಡುವುದು ಬದುಕಿರುವ ಮನುಷ್ಯರನ್ನು: ಅವರು ಹೇಗೆ ಉಣ್ಣುತ್ತಾರೆ, ಯಾರನ್ನು ಮದುವೆಯಾಗುತ್ತಾರೆ, ಯಾರಿಗೆ ಹೆದರುತ್ತಾರೆ, ಏಕೆ. ಹಳ್ಳಿಯಷ್ಟೇ ಆಸಕ್ತಿಯಿಂದ ಅದು ಆಸ್ಪತ್ರೆಯನ್ನೂ ಐಟಿ ಕಂಪನಿಯನ್ನೂ ನೋಡುತ್ತದೆ. ಮೊದಲ ವರ್ಷದ ವಿದ್ಯಾರ್ಥಿಗಳಿಗೆ ಅಲ್ಲಿ ಹೇಳಿಕೊಡುವ ನಾಲ್ಕು ಪಾಠಗಳು ವಾಟ್ಸಾಪ್ ಬಳಸುವ ಪ್ರತಿಯೊಬ್ಬರಿಗೂ ಬೇಕು.

ಪಾಠ 1: ದೂರದಿಂದ ನೋಡಿದರೆ ಎಲ್ಲರೂ ವಿಚಿತ್ರವೇ

ಮೇಲಿನ ತಮಾಷೆಯ ಸಂದೇಶಕ್ಕೆ ಒಂದು ಪ್ರಸಿದ್ಧ ಪೂರ್ವಜನಿದೆ. 1956ರಲ್ಲಿ ಹೊರೇಸ್ ಮೈನರ್ ಎಂಬ ಅಮೆರಿಕದ ವಿದ್ವಾಂಸ ‘ನಸಿರೆಮಾ’ ಎಂಬ ಜನರ ದೇಹಸಂಬಂಧಿ ಆಚರಣೆಗಳ ಬಗ್ಗೆ ಒಂದು ಲೇಖನ ಬರೆದರು. ಅದು ಪ್ರಕಟವಾದದ್ದು ಅಲ್ಲಿನ ಪ್ರತಿಷ್ಠಿತ ಮಾನವಶಾಸ್ತ್ರ ಪತ್ರಿಕೆಯಲ್ಲಿ. ಪ್ರತಿ ಮನೆಯಲ್ಲೂ ಒಂದು ಗುಪ್ತ ಪೂಜಾಸ್ಥಳ, ಅದರ ಗೋಡೆಯೊಳಗೆ ಮಂತ್ರದ ಔಷಧಿಗಳ ಪೆಟ್ಟಿಗೆ, ದಿನವೂ ಹಂದಿಯ ಕೂದಲಿನ ಕಂತೆಯನ್ನು ಬಾಯಿಗೆ ಹಾಕಿಕೊಳ್ಳುವ ವಿಧಿ, ವರ್ಷಕ್ಕೊಮ್ಮೆಯಾದರೂ ಬಾಯಿಯ ಮಂತ್ರವಾದಿಯ ಬಳಿ ಹೋಗಿ ನೋವು ತಿನ್ನುವುದು, ಹೀಗೆ ವರ್ಣನೆ ಸಾಗುತ್ತದೆ.

‘ನಸಿರೆಮಾ’ದ ಇಂಗ್ಲಿಷ್ ಅಕ್ಷರಗಳನ್ನು ಹಿಂದಿನಿಂದ ಓದಿದರೆ ‘ಅಮೆರಿಕನ್’ ಎಂದಾಗುತ್ತದೆ. ಪೂಜಾಸ್ಥಳ ಬಚ್ಚಲುಮನೆ, ವಿಧಿ ಹಲ್ಲುಜ್ಜುವುದು, ಮಂತ್ರವಾದಿ ಹಲ್ಲಿನ ಡಾಕ್ಟರು. ಇಂದಿಗೂ ಎಷ್ಟೋ ಕಡೆ ಈ ಲೇಖನವನ್ನು ಮೊದಲ ವಾರದಲ್ಲೇ ಓದಿಸುತ್ತಾರೆ, ಗುಟ್ಟನ್ನು ಮಾತ್ರ ಮೊದಲೇ ಹೇಳುವುದಿಲ್ಲ. ‘ಅಯ್ಯೋ ಪಾಪ, ಎಂಥ ಅನಾಗರಿಕರು’ ಎಂದುಕೊಂಡ ವಿದ್ಯಾರ್ಥಿಗೆ, ಅದು ತಮ್ಮಂಥವರದೇ ಕಥೆ ಎಂದು ತಿಳಿದಾಗ ಒಂದು ಪ್ರಶ್ನೆ ಹುಟ್ಟುತ್ತದೆ. ನಾನು ಬೇರೆ ಜನರ ಬಗ್ಗೆ ಇಷ್ಟು ದಿನ ಓದಿದ್ದೆಲ್ಲ ಇದೇ ರೀತಿ ಬರೆದದ್ದೇ?

ನಮ್ಮ ಪದ್ಧತಿಯನ್ನೇ ಅಳತೆಗೋಲು ಮಾಡಿಕೊಂಡು ಬೇರೆಯವರನ್ನು ಅಳೆಯುವ ಈ ಅಭ್ಯಾಸ ಎಲ್ಲ ಸಮಾಜಗಳಲ್ಲೂ ಇದೆ. ಇದು ಕೆಟ್ಟವರಿಗೆ ಮಾತ್ರ ಇರುವ ದೋಷವಲ್ಲ. ನಾವು ಬೆಳೆದ ಮನೆಯ ರೀತಿಯೇ ನಮಗೆ ‘ಸಹಜ’ ಎನ್ನಿಸುವುದರಿಂದ ಬರುವ ದೋಷ.

ಪಾಠ 2: ರೆಪ್ಪೆ ಬಡಿತವೋ, ಕಣ್ಣು ಹೊಡೆದದ್ದೋ?

ಒಬ್ಬ ಹುಡುಗನ ಬಲಗಣ್ಣಿನ ರೆಪ್ಪೆ ಒಮ್ಮೆ ಮುಚ್ಚಿ ತೆರೆಯಿತು. ಕಣ್ಣಿಗೆ ಧೂಳು ಬಿದ್ದಿರಬಹುದು. ಗೆಳೆಯನಿಗೆ ಸನ್ನೆ ಮಾಡಿರಬಹುದು. ಅಥವಾ ಹಾಗೆ ಸನ್ನೆ ಮಾಡುವ ಇನ್ನೊಬ್ಬನನ್ನು ಅಣಕಿಸಿರಬಹುದು. ವಿಡಿಯೊದಲ್ಲಿ ಈ ಮೂರೂ ಒಂದೇ ರೀತಿ ಕಾಣುತ್ತವೆ. ಬ್ರಿಟಿಷ್ ತತ್ವಜ್ಞಾನಿ ಗಿಲ್ಬರ್ಟ್ ರೈಲ್ ಅವರ ಈ ಉದಾಹರಣೆಯನ್ನು ಕ್ಲಿಫರ್ಡ್ ಗೀರ್ಟ್ಸ್ ಎಂಬ ಮಾನವಶಾಸ್ತ್ರಜ್ಞ 1973ರಲ್ಲಿ ಎತ್ತಿಕೊಂಡು, ನಮ್ಮ ಕೆಲಸವೇ ಈ ವ್ಯತ್ಯಾಸ ಹಿಡಿಯುವುದು ಎಂದರು. ರೆಪ್ಪೆ ಅಲುಗಾಡಿದ್ದನ್ನು ಕ್ಯಾಮೆರಾ ಹಿಡಿಯುತ್ತದೆ, ಅದರ ಅರ್ಥ ಅಲ್ಲಿದ್ದ ಜನರಿಗಷ್ಟೇ ಗೊತ್ತು.

ಹಾಗಾದರೆ ಅರ್ಥ ತಿಳಿಯುವುದು ಹೇಗೆ? ಹೋಗಿ, ಇದ್ದು, ಕೇಳಿ. ಬ್ರೋನಿಸ್ಲಾ ಮಾಲಿನೋವ್ಸ್ಕಿ ಮೊದಲ ಮಹಾಯುದ್ಧದ ಕಾಲದಲ್ಲಿ ಪೆಸಿಫಿಕ್ ಸಾಗರದ ಟ್ರೋಬ್ರಿಯಾಂಡ್ ದ್ವೀಪಗಳಲ್ಲಿ ಉಳಿದು ಅಲ್ಲಿನ ಭಾಷೆ ಕಲಿತರು. ಆ ಜನ ಜೀವದ ಹಂಗು ತೊರೆದು ದೋಣಿಯಲ್ಲಿ ಹೋಗಿ ಕಪ್ಪೆಚಿಪ್ಪಿನ ಹಾರ, ಕಡಗಗಳನ್ನು ಬೇರೆ ದ್ವೀಪದವರಿಗೆ ಕೊಟ್ಟು ಬರುತ್ತಿದ್ದರು. ಹೊರಗಿನವರಿಗೆ ಇದು ಹುಚ್ಚಾಟ. ಒಳಗಿದ್ದು ನೋಡಿದವರಿಗೆ ಕಂಡದ್ದು ದ್ವೀಪ ದ್ವೀಪಗಳ ನಡುವೆ ಗೆಳೆತನ, ಮರ್ಯಾದೆ, ನಂಬಿಕೆಗಳನ್ನು ಕಟ್ಟಿ ನಿಲ್ಲಿಸಿದ ದೊಡ್ಡ ವ್ಯವಸ್ಥೆ. ಮದುವೆ ಮನೆಗಳಲ್ಲಿ ಮುಯ್ಯಿ ಬರೆಸಿ, ನಾಳೆ ಅವರ ಮನೆಯ ಮದುವೆಗೆ ಅದನ್ನು ತಿರುಗಿಸುವ ನಮಗೆ ಇದು ಅರ್ಥವಾಗದ ಸಂಗತಿಯೇನಲ್ಲ.

ನಮ್ಮವರೇ ಆದ ಎಂ.ಎನ್. ಶ್ರೀನಿವಾಸ್ 1948ರಲ್ಲಿ ಮೈಸೂರಿನ ಹತ್ತಿರದ ಹಳ್ಳಿಯೊಂದರಲ್ಲಿ ತಿಂಗಳುಗಟ್ಟಲೆ ಉಳಿದರು. ಆ ಊರನ್ನು ತಮ್ಮ ಬರಹದಲ್ಲಿ ‘ರಾಮಪುರ’ ಎಂದು ಕರೆದರು. 1970ರಲ್ಲಿ ಅವರು ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿದ್ದಾಗ ಕಿಡಿಗೇಡಿಗಳು ಹಚ್ಚಿದ ಬೆಂಕಿಗೆ, ವರ್ಷಗಳ ಕಾಲ ಸಿದ್ಧಪಡಿಸಿದ ಟಿಪ್ಪಣಿಗಳು ಸುಟ್ಟುಹೋದವು. ಆಮೇಲೆ ಮುಖ್ಯವಾಗಿ ನೆನಪಿನಿಂದಲೇ ಬರೆದ ಪುಸ್ತಕ 1976ರಲ್ಲಿ ಹೊರಬಂತು. ಒಂದು ಊರನ್ನು ಅರಿಯಲು ಇಷ್ಟು ಸಮಯ ಬೇಕಾದರೆ, 30 ಸೆಕೆಂಡಿನ ವಿಡಿಯೊದಿಂದ ಒಂದು ಇಡೀ ಸಮುದಾಯ ನಮಗೆ ಅರ್ಥವಾಗುವುದು ಸಾಧ್ಯವೇ?

ತರಗತಿಯಲ್ಲಿ ಇದಕ್ಕೊಂದು ಸರಳ ಅಭ್ಯಾಸ ಮಾಡಿಸುತ್ತಾರೆ. ಬಸ್ ನಿಲ್ದಾಣದಲ್ಲೋ ಕ್ಯಾಂಟೀನಿನಲ್ಲೋ ಒಂದು ಗಂಟೆ ಕೂತು, ಹಾಳೆಯ ಎಡಗಡೆ ‘ಕಂಡದ್ದು’, ಬಲಗಡೆ ‘ನಾನು ಅಂದುಕೊಂಡದ್ದು’ ಎಂದು ಬೇರೆ ಬೇರೆ ಬರೆಯಬೇಕು. ‘ಹೆಂಗಸು ಮಗುವಿನ ಕೈ ಹಿಡಿದು ಎಳೆದಳು’ ಎಂಬುದು ಎಡಗಡೆ. ‘ಮಗು ಅವಳದ್ದಲ್ಲ’ ಎಂಬುದು ಬಲಗಡೆ. ಫಾರ್ವರ್ಡ್‌ಗಳಲ್ಲಿ ವಿಡಿಯೊ ಎಡಗಡೆಯದು, ಅದರ ಮೇಲೆ ಯಾರೋ ಬರೆದ ಸಾಲು ಬಲಗಡೆಯದು. ನಾವು ನಂಬುವುದು ಹೆಚ್ಚಾಗಿ ಆ ಸಾಲನ್ನೇ.

ಪಾಠ 3: ಸಂಸ್ಕೃತಿ ಕಲಿತದ್ದು, ರಕ್ತದಲ್ಲಿ ಬಂದದ್ದಲ್ಲ

1871ರಲ್ಲಿ ಇಂಗ್ಲೆಂಡಿನ ಎಡ್ವರ್ಡ್ ಟೈಲರ್ ಸಂಸ್ಕೃತಿಗೆ ಒಂದು ವ್ಯಾಖ್ಯೆ ಕೊಟ್ಟರು. ಜ್ಞಾನ, ನಂಬಿಕೆ, ಕಲೆ, ನೀತಿ, ಕಾನೂನು, ರೂಢಿ ಎಲ್ಲವನ್ನೂ ಸೇರಿಸಿ, ಇವನ್ನು ಮನುಷ್ಯ ಸಮಾಜದ ಸದಸ್ಯನಾಗಿ ಗಳಿಸಿಕೊಳ್ಳುತ್ತಾನೆ ಎಂದರು. ಗಳಿಸಿಕೊಳ್ಳುವುದು ಎಂಬುದೇ ಇಲ್ಲಿ ಮುಖ್ಯ. ಟೈಲರ್ ಅವರ ಬೇರೆ ಎಷ್ಟೋ ವಿಚಾರಗಳನ್ನು ಈ ಶಾಸ್ತ್ರ ಬಿಟ್ಟುಕೊಟ್ಟಿದೆ, ಈ ಮಾತನ್ನು ಬಿಟ್ಟಿಲ್ಲ. ಮೈಸೂರಿನಲ್ಲಿ ಹುಟ್ಟಿದ ಮಗುವನ್ನು ಎಳೆಯದರಲ್ಲೇ ಜಪಾನಿನ ಮನೆಯೊಂದು ಸಾಕಿದರೆ ಅದು ಜಪಾನಿ ಮಾತಾಡುತ್ತದೆ, ಅವರ ಊಟವನ್ನೇ ಇಷ್ಟಪಡುತ್ತದೆ.

ಅದೇ 1871ರಲ್ಲಿ ಬ್ರಿಟಿಷ್ ಸರ್ಕಾರ ಭಾರತದಲ್ಲಿ ಇದಕ್ಕೆ ಪೂರ್ತಿ ವಿರುದ್ಧವಾದ ನಂಬಿಕೆಯ ಮೇಲೆ ಒಂದು ಕಾನೂನು ತಂದಿತು: ಅಪರಾಧಿ ಬುಡಕಟ್ಟುಗಳ ಕಾಯ್ದೆ. ಕೆಲವು ಸಮುದಾಯಗಳಲ್ಲಿ ಕಳ್ಳತನ ಹುಟ್ಟಿನಿಂದಲೇ ಬರುತ್ತದೆ ಎಂಬುದು ಅದರ ಹಿಂದಿನ ನಂಬಿಕೆ. ಅಂಥ ಸಮುದಾಯದಲ್ಲಿ ಹುಟ್ಟಿದವರು ಹೆಸರು ನೋಂದಾಯಿಸಬೇಕು, ಹಾಜರಿ ಹಾಕಬೇಕು, ಊರು ಬಿಡಲು ಅನುಮತಿ ಪಡೆಯಬೇಕು. ಮುಂದೆ ಇವರನ್ನು ಕೂಡಿಡಲು ವಸಾಹತುಗಳು ಬಂದವು. ಹುಬ್ಬಳ್ಳಿಯಲ್ಲಿ ಅಂಥ ವಸಾಹತು ಇದ್ದ ಜಾಗಕ್ಕೆ ‘ಸೆಟ್ಲಮೆಂಟ್’ ಎಂಬ ಹೆಸರು ಇಂದಿಗೂ ಉಳಿದಿದೆ.

ಈ ಪಟ್ಟಿಗೆ ಸೇರಿದ ಕೊರವರಲ್ಲಿ ಅನೇಕರು ಎತ್ತು, ಕತ್ತೆಗಳ ಮೇಲೆ ಉಪ್ಪು, ಧಾನ್ಯ ಹೇರಿಕೊಂಡು ಊರೂರಿಗೆ ಮಾರುತ್ತಿದ್ದ ವ್ಯಾಪಾರಿಗಳು. ರೈಲು ಬಂತು, ಉಪ್ಪಿನ ಮೇಲೆ ಸರ್ಕಾರದ ಹಿಡಿತ ಬಂತು, ಅವರ ದಂಧೆ ಮುರಿಯಿತು. ಅಲೆಮಾರಿ ಬದುಕಿಗೆ ಇದ್ದ ಕಾರಣ ಮರೆತುಹೋಯಿತು, ‘ಅಲೆಯುವವರು ಕಳ್ಳರು’ ಎಂಬ ಮಾತು ಉಳಿಯಿತು. ಕಾಯ್ದೆ 1952ರಲ್ಲಿ ರದ್ದಾಯಿತು. ಅದು ಅಂಟಿಸಿದ ಹಣೆಪಟ್ಟಿ ಮಾತ್ರ ಜನರ ಬಾಯಲ್ಲಿ ಇನ್ನೂ ಇದೆ.

ಇದರಲ್ಲಿ ಮಾನವಶಾಸ್ತ್ರದ ಪಾಲೂ ಇದೆ ಎಂದು ಒಳ್ಳೆಯ ಮೇಷ್ಟ್ರು ಮುಚ್ಚಿಡದೆ ಹೇಳುತ್ತಾರೆ. 1901ರ ಜನಗಣತಿಯ ಹೊಣೆ ಹೊತ್ತಿದ್ದ ಹರ್ಬರ್ಟ್ ರಿಸ್ಲೆ, ಜನರ ಮೂಗಿನ ಅಗಲ ಅಳೆದು ಜಾತಿಯ ಮೇಲು-ಕೀಳಿಗೂ ಮೂಗಿಗೂ ಸಂಬಂಧವಿದೆ ಎಂದು ವಾದಿಸಿದ್ದರು. ಇದಕ್ಕೆ ಉತ್ತರವೂ ಇದೇ ಶಾಸ್ತ್ರದಿಂದ ಬಂತು. ಫ್ರಾನ್ಸ್ ಬೋವಸ್ ಅಮೆರಿಕಕ್ಕೆ ವಲಸೆ ಬಂದ ಸುಮಾರು 18,000 ಜನರ, ಅವರ ಮಕ್ಕಳ ಅಳತೆ ತೆಗೆದು, ಬದಲಾಗುವುದೇ ಇಲ್ಲ ಎಂದು ನಂಬಿದ್ದ ತಲೆಯ ಆಕಾರವೂ ಹುಟ್ಟಿ ಬೆಳೆದ ಪರಿಸರಕ್ಕೆ ತಕ್ಕಂತೆ ಬದಲಾಗುತ್ತದೆ ಎಂದು ತೋರಿಸಿದರು. ಆ ಬದಲಾವಣೆ ಎಷ್ಟು ದೊಡ್ಡದು ಎಂಬ ಬಗ್ಗೆ ನಂತರ ವಿದ್ವಾಂಸರಲ್ಲಿ ಚರ್ಚೆ ನಡೆದಿದೆ. ಆದರೆ ತಲೆ, ಮೂಗು ಅಳೆದು ಒಬ್ಬರ ಬುದ್ಧಿ, ಗುಣ ಹೇಳಬಹುದು ಎಂಬ ಮಾತನ್ನು ಇಂದು ವಿಜ್ಞಾನ ಒಪ್ಪುವುದಿಲ್ಲ. ‘ಅವರ ರಕ್ತದಲ್ಲೇ ಇದೆ’ ಎಂಬ ಫಾರ್ವರ್ಡ್ ಬಂದಾಗ ಇದು ನೆನಪಿರಲಿ.

ಪಾಠ 4: ಅರ್ಥ ಮಾಡಿಕೊಳ್ಳುವುದೆಂದರೆ ಒಪ್ಪಿಕೊಳ್ಳುವುದಲ್ಲ

‘ಹಾಗಾದರೆ ಎಲ್ಲರ ಎಲ್ಲ ಪದ್ಧತಿಯೂ ಸರಿಯೇ?’ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ಉತ್ತರಕ್ಕೆ ನಮ್ಮದೇ ಉದಾಹರಣೆ ನೋಡೋಣ.

ಉತ್ತರ ಭಾರತದ ಬಹುತೇಕ ಹಿಂದೂ ಮನೆಗಳಲ್ಲಿ ಸೋದರಮಾವನ ಮಗಳು ತಂಗಿಯ ಸಮಾನ. ‘ದಕ್ಷಿಣದವರು ಮಾವನನ್ನೇ ಮದುವೆಯಾಗುತ್ತಾರೆ’ ಎಂಬ ಸಂದೇಶ ಅಲ್ಲಿ ಮೂಗು ಮುರಿಯುವ ಫಾರ್ವರ್ಡ್. ಕರ್ನಾಟಕದ ಅನೇಕ ಸಮುದಾಯಗಳಲ್ಲಿ ಅಕ್ಕನ ಮಗಳನ್ನು, ಅತ್ತೆಯ ಮಗಳನ್ನು, ಮಾವನ ಮಗಳನ್ನು ತಂದುಕೊಳ್ಳುವುದು ಹಳೆಯ ರೂಢಿ. ಆದರೆ ಚಿಕ್ಕಪ್ಪನ ಮಗಳೋ ಚಿಕ್ಕಮ್ಮನ ಮಗಳೋ ಎಂದರೆ ನಾವೇ ಬೆಚ್ಚಿಬೀಳುತ್ತೇವೆ, ಅವರು ಒಡಹುಟ್ಟಿದವರ ಲೆಕ್ಕ. ಈ ನಿಯಮ ನಮ್ಮ ಮಾತಿನಲ್ಲೇ ಅಡಗಿದೆ. ತಾಯಿಯ ತಮ್ಮನೂ ‘ಮಾವ’, ಗಂಡನ ತಂದೆಯೂ ‘ಮಾವ’. ತಂದೆಯ ತಂಗಿಯೂ ‘ಅತ್ತೆ’, ಗಂಡನ ತಾಯಿಯೂ ‘ಅತ್ತೆ’. ತಂದೆಯ ತಮ್ಮ ಮಾತ್ರ ಚಿಕ್ಕ‘ಅಪ್ಪ’. ಸಂಬಂಧಸೂಚಕ ಪದಗಳಲ್ಲಿ ಮದುವೆಯ ಪದ್ಧತಿ ಹೀಗೆ ಉಳಿದಿರುವುದನ್ನು ತರಗತಿಯಲ್ಲಿ ವಂಶವೃಕ್ಷ ಬರೆಸಿ ತೋರಿಸುತ್ತಾರೆ. ಅದರಲ್ಲಿ ಗಂಡಿಗೆ ತ್ರಿಕೋನ, ಹೆಣ್ಣಿಗೆ ವೃತ್ತ. ಭಾರತದ ಉತ್ತರ, ದಕ್ಷಿಣಗಳ ಈ ವ್ಯತ್ಯಾಸವನ್ನು ಇರಾವತಿ ಕರ್ವೆ 1953ರಲ್ಲೇ ವಿವರವಾಗಿ ಬರೆದರು. 1955ರ ಹಿಂದೂ ವಿವಾಹ ಕಾಯ್ದೆಯೂ ಇಂಥ ಹತ್ತಿರದ ಮದುವೆಗಳನ್ನು ನಿಷೇಧಿಸಿ, ರೂಢಿ ಇದ್ದ ಕಡೆ ವಿನಾಯಿತಿ ಕೊಟ್ಟಿದೆ.

ಏಕೆ ಈ ರೂಢಿ? ಹೆಣ್ಣುಮಗಳು ಗುರುತಿನ ಮನೆಗೇ ಹೋಗುತ್ತಾಳೆ, ಆಸ್ತಿ ಹಂಚಿಹೋಗುವುದಿಲ್ಲ, ಕೊಟ್ಟು ತರುವ ನಂಟು ಉಳಿಯುತ್ತದೆ. ಇದು ಅರ್ಥ ಮಾಡಿಕೊಳ್ಳುವ ಭಾಗ. ಇನ್ನು ವೈದ್ಯವಿಜ್ಞಾನದ ಭಾಗ. ಸಾಮಾನ್ಯವಾಗಿ ಹುಟ್ಟುವ 100 ಮಕ್ಕಳಲ್ಲಿ 2-3 ಮಕ್ಕಳಿಗೆ ಹುಟ್ಟಿನಿಂದ ಗಂಭೀರ ತೊಂದರೆ ಇರುತ್ತದೆ. ಅತ್ತೆ-ಮಾವನ ಮಕ್ಕಳ ನಡುವಿನ ಮದುವೆಯಲ್ಲಿ ಈ ಪ್ರಮಾಣ ಸುಮಾರು 4-6ಕ್ಕೆ ಏರುತ್ತದೆ. ಇವರ ನಡುವೆ ಸರಾಸರಿ ಎಂಟನೇ ಒಂದು ಭಾಗ ವಂಶವಾಹಿಗಳು ಒಂದೇ ಆಗಿರುತ್ತವೆ, ಸೋದರಮಾವ-ಸೊಸೆಯ ನಡುವೆ ನಾಲ್ಕನೇ ಒಂದು ಭಾಗ. ಆದ್ದರಿಂದ ಅಲ್ಲಿ ಅಪಾಯ ಇನ್ನೂ ಹೆಚ್ಚು. ಬಹುಪಾಲು ಮಕ್ಕಳು ಆರೋಗ್ಯವಾಗಿಯೇ ಹುಟ್ಟುತ್ತಾರೆ ಎಂಬುದೂ ನಿಜ, ಅಪಾಯ ಹೆಚ್ಚುತ್ತದೆ ಎಂಬುದೂ ನಿಜ. ಇಂಥ ಸಂಬಂಧದ ಮಾತುಕತೆ ನಡೆದಿದ್ದರೆ, ಅದರಲ್ಲೂ ಮನೆತನದಲ್ಲಿ ಆನುವಂಶಿಕ ಕಾಯಿಲೆ ಇದ್ದರೆ, ಮದುವೆಗೆ ಮೊದಲೇ ವೈದ್ಯರ ಸಲಹೆ ಪಡೆಯುವುದು ಒಳ್ಳೆಯದು.

ಈಗ ಇಬ್ಬರು ವೈದ್ಯರನ್ನು ಊಹಿಸಿಕೊಳ್ಳಿ. ಒಬ್ಬರು ‘ಇದೆಂಥ ಅನಾಗರಿಕ ಪದ್ಧತಿ’ ಎನ್ನುತ್ತಾರೆ. ಇನ್ನೊಬ್ಬರು ಕಾರಣ ಕೇಳಿ, ಲೆಕ್ಕ ವಿವರಿಸುತ್ತಾರೆ. ಮನೆಯವರು ಯಾರ ಮಾತು ಕೇಳುತ್ತಾರೆ? ಸಾಂಸ್ಕೃತಿಕ ಸಾಪೇಕ್ಷತೆ ಎಂದು ಕರೆಯುವ ವಿಧಾನ ಇದೇ: ಮೊದಲು ಅವರ ಕಣ್ಣಿನಿಂದ ನೋಡು, ತೀರ್ಪು ಆಮೇಲೆ. ಮಾನವಶಾಸ್ತ್ರಜ್ಞರಿಗೇ ಈ ಎರಡರ ನಡುವಿನ ತೂಕ ಸುಲಭವಾಗಿರಲಿಲ್ಲ. 1947ರಲ್ಲಿ ಅಮೆರಿಕದ ಮಾನವಶಾಸ್ತ್ರ ಸಂಘ, ಎಲ್ಲರಿಗೂ ಒಂದೇ ಮಾನವ ಹಕ್ಕುಗಳ ಘೋಷಣೆ ಹೊಂದುತ್ತದೆಯೇ ಎಂದು ಸಂಶಯ ಎತ್ತಿತ್ತು. 1999ರಲ್ಲಿ ಅದೇ ಸಂಘ ಮಾನವ ಹಕ್ಕುಗಳ ಪರವಾಗಿ ತನ್ನದೇ ಘೋಷಣೆ ಹೊರಡಿಸಿತು.

ಸಿಹಿ ಫಾರ್ವರ್ಡ್‌ಗಳ ಕಥೆಯೇನು?

ಹೊಗಳುವ ಸಂದೇಶಗಳಿಗೂ ಇದೇ ಪರೀಕ್ಷೆ ಬೇಕು. ‘ನಾಗರಿಕತೆಯ ಮೊದಲ ಗುರುತು ಯಾವುದು ಎಂದಾಗ ಮಾರ್ಗರೆಟ್ ಮೀಡ್, ಮುರಿದು ಕೂಡಿಕೊಂಡ ತೊಡೆಮೂಳೆ ಎಂದರು’ ಎಂಬ ಸಂದೇಶ ನಿಮಗೂ ಬಂದಿರಬಹುದು. ಮೀಡ್ ಹೆಸರಾಂತ ಮಾನವಶಾಸ್ತ್ರಜ್ಞೆ, 1978ರಲ್ಲಿ ತೀರಿಕೊಂಡರು. ಆದರೆ ಅವರ ಬರಹಗಳಲ್ಲಿ ಈ ಮಾತು ಸಿಕ್ಕಿಲ್ಲ. ವೆಲ್ಲೂರಿನಲ್ಲಿ ಕುಷ್ಠರೋಗಿಗಳಿಗೆ ಚಿಕಿತ್ಸೆ ನೀಡಿದ ಡಾ. ಪಾಲ್ ಬ್ರ್ಯಾಂಡ್ 1980ರ ಒಂದು ಪುಸ್ತಕದಲ್ಲಿ, ಮೀಡ್ ಉಪನ್ಯಾಸದಲ್ಲಿ ಹೀಗೆ ಹೇಳಿದ್ದರು ಎಂದು ನೆನೆದಿದ್ದಾರೆ. ಕಥೆ ಹರಡಿದ್ದು ಆಮೇಲೆ. ಕಾಡಿನ ವಾನರಗಳಲ್ಲೂ ಮುರಿದು ಕೂಡಿಕೊಂಡ ಮೂಳೆಗಳು ಸಿಕ್ಕಿವೆ, ಹಾಗಾಗಿ ಅದೊಂದೇ ನಾಗರಿಕತೆಯ ಗುರುತಾಗಲಾರದು.

ಹಾಗೆಯೇ ‘ಉಬುಂಟು’ ಕಥೆ. ಆಫ್ರಿಕಾದ ಮಕ್ಕಳಿಗೆ ಮಾನವಶಾಸ್ತ್ರಜ್ಞನೊಬ್ಬ ಹಣ್ಣಿನ ಬುಟ್ಟಿಯ ಓಟದ ಪಂದ್ಯ ಇಟ್ಟ, ಅವರು ಕೈಕೈ ಹಿಡಿದು ಒಟ್ಟಿಗೆ ಓಡಿದರು ಎಂಬುದು. ‘ಉಬುಂಟು’ ದಕ್ಷಿಣ ಆಫ್ರಿಕಾದ ಜುಲು, ಖೋಸಾ ಭಾಷೆಗಳ ನಿಜವಾದ ಪದ, ಆಳವಾದ ವಿಚಾರವೂ ಹೌದು. ಆದರೆ ಸಾಮಾನ್ಯವಾಗಿ ಹರಿದಾಡುವ ಸಂದೇಶದಲ್ಲಿ ಸಂಶೋಧಕನ ಹೆಸರಿಲ್ಲ, ಊರಿಲ್ಲ, ವರ್ಷವಿಲ್ಲ. ಐವತ್ತಕ್ಕೂ ಹೆಚ್ಚು ದೇಶಗಳ ಖಂಡವನ್ನು ಒಂದೇ ಹಳ್ಳಿಯೆಂಬಂತೆ ಹೊಗಳಿದರೂ, ಆ ಜನರನ್ನು ನಾವು ಅರಿತಂತಾಗಲಿಲ್ಲ.

ಇದು ಬರೀ ಓದಿನ ವಿಷಯವಲ್ಲ

2018ರಲ್ಲಿ ‘ಮಕ್ಕಳ ಕಳ್ಳರು ಬಂದಿದ್ದಾರೆ’ ಎಂಬ ಸಂದೇಶ ದೇಶದ ತುಂಬ ಹರಡಿತು. ಅದರೊಂದಿಗೆ ಓಡಾಡಿದ ವಿಡಿಯೊಗಳಲ್ಲಿ ಒಂದು, ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳ ಸುರಕ್ಷತೆಗಾಗಿ ಮಾಡಿದ ಜಾಗೃತಿ ಚಿತ್ರ. ಕೊನೆಯಲ್ಲಿ ಬೈಕಿನವರು ಮಗುವನ್ನು ವಾಪಸ್ ತಂದು ಬಿಡುವ ಭಾಗವನ್ನು ಕತ್ತರಿಸಲಾಗಿತ್ತು. ರೆಪ್ಪೆ ಅಲುಗಾಡಿದ್ದು ಉಳಿಯಿತು, ಅರ್ಥ ಕತ್ತರಿಸಿಹೋಯಿತು.

ಆ ವರ್ಷ ಜುಲೈ 1ರಂದು ಮಹಾರಾಷ್ಟ್ರದ ಧುಳೆ ಜಿಲ್ಲೆಯ ರೈನ್‌ಪಾಡಾದಲ್ಲಿ ಐದು ಮಂದಿಯನ್ನು ಜನರ ಗುಂಪು ಹೊಡೆದು ಕೊಂದಿತು. ಅವರು ಭಿಕ್ಷಾಟನೆಯಿಂದ ಬದುಕುವ ಅಲೆಮಾರಿ ಸಮುದಾಯದವರು. ಎರಡು ವಾರದೊಳಗೆ, ಜುಲೈ 13ರಂದು, ನಮ್ಮದೇ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಯುವಕನೊಬ್ಬ ಗುಂಪಿನ ಹೊಡೆತಕ್ಕೆ ಸತ್ತ. ಆ ತಂಡದವರು ಶಾಲೆಯ ಮಕ್ಕಳಿಗೆ ಚಾಕೊಲೇಟ್ ಕೊಟ್ಟದ್ದೇ ಅನುಮಾನಕ್ಕೆ ಕಾರಣವಾಗಿತ್ತು. ಅದೇ ತಿಂಗಳು ವಾಟ್ಸಾಪ್ ಭಾರತದಲ್ಲಿ ಒಂದು ಸಂದೇಶವನ್ನು ಒಂದು ಸಲಕ್ಕೆ ಐದು ಚಾಟ್‌ಗಳಿಗಷ್ಟೇ ಫಾರ್ವರ್ಡ್ ಮಾಡಬಹುದು ಎಂಬ ಮಿತಿ ಪ್ರಕಟಿಸಿತು.

ಅಲೆಮಾರಿ ಎಂದರೆ ಅಪರಿಚಿತ ಎಂದಲ್ಲ. ಕರ್ನಾಟಕದ ಹೆಳವರು ಊರೂರಿಗೆ ಹೋಗಿ ಮನೆಮನೆಯ ವಂಶಾವಳಿ ಓದಿ ಹೇಳುವವರು. ನಿಮ್ಮ ಮುತ್ತಜ್ಜನ ಹೆಸರು ನಿಮಗಿಂತ ಅವರಿಗೆ ಚೆನ್ನಾಗಿ ಗೊತ್ತಿರಬಹುದು. ತಲೆಮಾರುಗಳಿಂದ ಬರುತ್ತಿದ್ದ ಅಂಥವರ ಗುರುತು ಹೊಸ ತಲೆಮಾರಿಗೆ ತಪ್ಪಿದಾಗ, ಬಾಗಿಲಲ್ಲಿ ನಿಂತವರ ಬಗ್ಗೆ ನಮಗೆ ತಿಳಿದಿರುವುದು ಫೋನಿನಲ್ಲಿ ಬಂದದ್ದಷ್ಟೇ ಆಗಿಬಿಡುತ್ತದೆ.

ಕಳಿಸುವ ಮುನ್ನ ಕೇಳಿಕೊಳ್ಳಬೇಕಾದ ಐದು ಪ್ರಶ್ನೆ

1. ಇದು ಯಾವ ಊರು, ಯಾವ ವರ್ಷ? ‘ಒಂದು ಬುಡಕಟ್ಟು’, ‘ಒಂದು ದೇಶ’ ಎಂದಷ್ಟೇ ಇದ್ದರೆ ಅಲ್ಲೇ ನಿಲ್ಲಿಸಿ.
2. ಕಂಡದ್ದೆಷ್ಟು, ಮೇಲೆ ಬರೆದದ್ದೆಷ್ಟು? ಧ್ವನಿ, ಬರಹ ತೆಗೆದು ವಿಡಿಯೊ ನೋಡಿದರೆ ಅದೇ ಅರ್ಥ ಬರುತ್ತದೆಯೇ?
3. ಆ ಜನರ ಮಾತು ಇದರಲ್ಲಿ ಎಲ್ಲಿದೆ? ಅವರು ಈ ಪದ್ಧತಿಗೆ ಏನು ಕಾರಣ ಕೊಡುತ್ತಾರೆ?
4. ಒಬ್ಬರು ಮಾಡಿದ್ದನ್ನು ಇಡೀ ಸಮುದಾಯದ ತಲೆಗೆ ಕಟ್ಟಿದೆಯೇ? ‘ಹುಟ್ಟುಗುಣ’, ‘ರಕ್ತ’ ಎಂಬ ಮಾತಿದೆಯೇ?
5. ಇದೇ ಧಾಟಿಯಲ್ಲಿ ನಮ್ಮ ಮನೆಯ ಬಗ್ಗೆ ಬರೆದರೆ ಹೇಗಿರುತ್ತದೆ?

ಈ ಪ್ರಶ್ನೆಗಳಿಗೆ ಉತ್ತರ ಸಿಗದ ಸಂದೇಶವನ್ನು ಕಳಿಸದೆ ಬಿಟ್ಟರೆ ಯಾರಿಗೂ ನಷ್ಟವಿಲ್ಲ. ಅದನ್ನು ಕಳಿಸಿದವರು ಮನೆಯ ಹಿರಿಯರಾಗಿದ್ದರೆ ‘ಸುಳ್ಳು ಕಳಿಸಿದಿರಿ’ ಎನ್ನುವ ಬದಲು ‘ಇದು ಯಾವ ಊರಿನದಂತೆ, ಅವರು ಹಾಗೆ ಯಾಕೆ ಮಾಡ್ತಾರಂತೆ?’ ಎಂದು ಗ್ರೂಪಿನಲ್ಲೇ ಕೇಳಿ ನೋಡಿ. ಜಗಳವಿಲ್ಲದೆ ಎಲ್ಲರೂ ಒಂದು ಕ್ಷಣ ಯೋಚಿಸುತ್ತಾರೆ. ಹೊಸ ಮುಖವೊಂದು ನಿಮ್ಮ ಬೀದಿಗೆ ಬಂದಾಗಲೂ ಮೊದಲು ಹೆಸರು, ಊರು ಕೇಳಿ. ನಿಜವಾಗಿಯೂ ಅನುಮಾನವಿದ್ದರೆ 112ಕ್ಕೆ ಕರೆ ಮಾಡಿ, ಗ್ರೂಪಿಗೆ ಫೋಟೊ ಹಾಕಬೇಡಿ.